ಅಡ್ಡೆ ಹಿಂದಕ್ಕೆ ಹೋದ ದಿನ

ದೇವರು ಮನುಷ್ಯರ ಹೆಗಲ ಮೇಲೆ ಕೂತು, ಹಿಂದಕ್ಕೋ ಮುಂದಕ್ಕೋ ನಡೆದು, ಕೇಳಿದ ಪ್ರಶ್ನೆಗೆ ಉತ್ತರ ಹೇಳುತ್ತದೆ ಎಂಬುದನ್ನು ನಾನು ನಂಬಿದವನಲ್ಲ. ನಂಬುವವರನ್ನು ಕಂಡರೆ ಸುಮ್ಮನಿರುವವನೂ ಅಲ್ಲ. ನಮ್ಮ ಮನೆಯಲ್ಲೇ ಅರ್ಧ ಜನ ನಂಬುವವರು. ಹಬ್ಬಕ್ಕೆ ಎಲ್ಲರೂ ಸೇರಿದಾಗ ಈ ವಿಷಯ ಎತ್ತಿ ಜಗಳ ತೆಗೆಯುವುದು ನನ್ನ ಕೆಲಸವೇ ಆಗಿಹೋಗಿತ್ತು. "ಹೊರೋರು ತಳ್ತಾರೆ, ನೀವು ಕೈ ಮುಗೀತೀರಾ," ಎಂದು ಒಬ್ಬಟ್ಟು ತಿನ್ನುತ್ತಲೇ ಹೇಳಿ, ಹೆಂಡತಿಯಿಂದ ಕಣ್ಣಲ್ಲೇ ಬೈಸಿಕೊಳ್ಳುತ್ತಿದ್ದೆ. ಈಗ ಹಾಗೆ ಹೇಳುವುದನ್ನು ಬಿಟ್ಟಿದ್ದೇನೆ. ಭಕ್ತಿ ಬಂತು ಅಂತಲ್ಲ, ಬಾಯಿ ಬರುವುದಿಲ್ಲ ಅಷ್ಟೇ. ಇದನ್ನು ಓದಿದ ಮೇಲೆ ನೀವು ನನ್ನನ್ನು ಭಕ್ತರ ಸಾಲಿಗೆ ಸೇರಿಸಬೇಡಿ, ಬುದ್ಧಿವಂತರ ಸಾಲಿಗಂತೂ ಬೇಡವೇ ಬೇಡ.

ಮೊದಲು ನನ್ನ ಕಸುಬು ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ತಲೆ ಕೆಟ್ಟಿದ್ದರಲ್ಲಿ ಅದರ ಪಾಲೂ ಇದೆ. ಅಬ್ಬಿಗೆರೆಯಲ್ಲಿ ನನ್ನದೊಂದು ಡ್ರೈವಿಂಗ್ ಸ್ಕೂಲ್ ಇದೆ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಸ್ಟೇರಿಂಗ್ ಕಲಿಯುವವರ ಕೈಯಲ್ಲಿ, ಜೀವ ನನ್ನ ಕಾಲಲ್ಲಿ. ಇಷ್ಟು ವರ್ಷ ಆ ಸೀಟಿನಲ್ಲಿ ಕೂತು ಕೂತು ನನ್ನದೇ ಒಂದು ಸಿದ್ಧಾಂತ ಮಾಡಿಕೊಂಡಿದ್ದೆ. ರಸ್ತೆ ಖಾಲಿ ಇದ್ದು ಕಾರು ಸಲೀಸಾಗಿ ಹೋಗುವಾಗ ಕಲಿಯುವವರ ಮುಖ ನೋಡಬೇಕು ನೀವು. ಏನೂ ಇರುವುದಿಲ್ಲ ಅದರಲ್ಲಿ, ತೊಳೆದಿಟ್ಟ ತಟ್ಟೆ. ಎದುರಿಗೆ ಒಂದು ಹಸು ಅಡ್ಡ ಬಂದು, ಆಕ್ಸಿಲರೇಟರ್ ಮೇಲಿನ ಕಾಲನ್ನು ತಡೆಯಬೇಕು ಎಂದಾಯಿತೋ, ಆಗ ಮುಖದಲ್ಲಿ ಯೋಚನೆ ಕಾಣಿಸುತ್ತದೆ. ಬೈಯುವವನು ಯೋಚನೆ ಮಾಡುವುದಿಲ್ಲ, ಬೈಗುಳ ನುಂಗಿಕೊಂಡವನು ಇಡೀ ದಿನ ಯೋಚಿಸುತ್ತಾನೆ. ಸಕ್ಕರೆ ಕಾಯಿಲೆಯವನು ಜಾಮೂನು ಬಾಯಿಗಿಟ್ಟುಕೊಳ್ಳುವಾಗ ಏನೂ ಹೇಳುವುದಿಲ್ಲ, ತಟ್ಟೆ ಪಕ್ಕಕ್ಕೆ ಸರಿಸಿದ ಮೇಲೆ ಜೀವನ ಅಂದರೇನು ಎಂದು ಶುರುಮಾಡುತ್ತಾನೆ. ಮನುಷ್ಯನಿಗೆ ತನ್ನನ್ನು ತಾನು ತಡೆದುಕೊಳ್ಳಬೇಕಾದ ಅಗತ್ಯವೇ ಇಲ್ಲದಿದ್ದರೆ ಯೋಚನೆ ಎಂಬುದು ಹುಟ್ಟುತ್ತಲೇ ಇರಲಿಲ್ಲ, ಯೋಚನೆ ಅಂದರೆ ಬ್ರೇಕ್ ಹಿಡಿದಾಗ ಬರುವ ಸದ್ದು, ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದೆ.

ಇದನ್ನು ಸಹನೆಯಿಂದ ಕೇಳುತ್ತಿದ್ದವರು ಒಬ್ಬರೇ, ಅಕ್ಕನ ಗಂಡ, ನಮ್ಮ ಭಾವ. ಯಶವಂತಪುರದ ಹತ್ತಿರ ಲೇತ್ ವರ್ಕ್‌ಶಾಪ್ ಇಟ್ಟುಕೊಂಡಿದ್ದರು. ನಗುನಗುತ್ತಲೇ ಬುಡಕ್ಕೆ ಕೊಡಲಿ ಹಾಕುವ ಮನುಷ್ಯ. ಒಮ್ಮೆ ಎಲ್ಲ ಕೇಳಿ, "ಅಲ್ಲಯ್ಯ, ಬ್ರೇಕ್ ಹಿಡಿದ್ರೆ ಯೋಚ್ನೆ ಬರುತ್ತೆ ಅಂತೀಯ. ನಿನ್ ಕಾಲು ಬ್ರೇಕ್ ಒತ್ತುತ್ತಲ್ಲ, ಒತ್ತೋಕ್ ಮುಂಚೆ ನೀನು ಯೋಚ್ನೆ ಮಾಡ್ತೀಯಾ?" ಎಂದರು. ಇಲ್ಲ, ಕಾಲು ಮೊದಲು ಹೋಗುತ್ತದೆ, ಏನಾಯಿತು ಎಂದು ಆಮೇಲೆ ಗೊತ್ತಾಗುತ್ತದೆ. "ಹಂಗಾದ್ರೆ ಒತ್ತಿದ್ದು ಯಾರು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು. ಅವರು ಮತ್ತೆ ಹೊರಗೆ ಬಂದಾಗ ನಾನು ಮಾತು ಬೇರೆ ಕಡೆ ತಿರುಗಿಸಿದೆ.

ಆ ಭಾವ ವರ್ಕ್‌ಶಾಪಿನಲ್ಲಿ ನಿಂತಲ್ಲೇ ಕುಸಿದು ಹೋಗಿಬಿಟ್ಟರು. ಎದೆ ಹಿಡಿದುಕೊಂಡರಂತೆ, ಆಸ್ಪತ್ರೆಗೆ ಸಾಗಿಸುವಷ್ಟು ಹೊತ್ತೂ ಸಿಗಲಿಲ್ಲ. ಅಕ್ಕನಿಗೆ ಮಕ್ಕಳಿಲ್ಲ. ಅಟ್ಟೂರಿನ ಮನೆಯಲ್ಲಿ ಅವಳೊಬ್ಬಳೇ ಉಳಿದಳು. ನಮ್ಮ ರತ್ನಕ್ಕ ಅತ್ತು ಕರೆದು ಮಾಡುವವಳಲ್ಲ. ತಿಥಿಯ ದಿನವೂ ಬಂದವರಿಗೆಲ್ಲ ತಾನೇ ನಿಂತು ಬಡಿಸಿದಳು. "ಗಟ್ಟಿಗಿತ್ತಿ ಕಣ್ರೀ," ಎಂದು ನೆಂಟರೆಲ್ಲ ಹೊಗಳಿ ಕೈ ತೊಳೆದುಕೊಂಡು ಹೋದರು. ನಾನೂ ಹಾಗೇ ಅಂದುಕೊಂಡೆ.

ಅಬ್ಬಿಗೆರೆಯ ನಮ್ಮ ಮನೆಯಲ್ಲಿ ಕೆಳಗಿನ ಪೋರ್ಶನ್ ಖಾಲಿಯಾಗಿತ್ತು. ಬಂದು ಇರು ಅಕ್ಕ ಎಂದು ನಾನೂ ನನ್ನ ಹೆಂಡತಿಯೂ ಬೆನ್ನು ಬಿದ್ದೆವು. ಹೆಂಡತಿ ಅಡುಗೆಮನೆಗೆ ಹೊಸ ಬಣ್ಣವನ್ನೂ ಹೊಡೆಸಿಬಿಟ್ಟಳು. ಅಕ್ಕ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬಹಳ ಒತ್ತಾಯ ಮಾಡಿದ ಮೇಲೆ ಒಂದು ದಿನ ಫೋನಿನಲ್ಲಿ, "ಅಮ್ಮನ್ನ ಒಂದ್ ಮಾತು ಕೇಳ್ಬಿಡ್ತೀನಿ ಕಣೋ, ಆಮೇಲೆ ನೋಡಣ," ಎಂದಳು.

ಅಮ್ಮ ಅಂದರೆ ನಮ್ಮ ಮನೆದೇವರು. ಮಾಕಳಿಯಿಂದ ಒಳಗೆ ಹೋದರೆ, ಗೋಡೌನುಗಳ ತಗಡಿನ ಕಾಂಪೌಂಡುಗಳ ಮಧ್ಯೆ ಒಂದು ಸಣ್ಣ ಗುಡಿ. ಸುತ್ತಲಿನ ಹೊಲವೆಲ್ಲ ಹೋಯಿತು, ಗುಡಿ ಮಾತ್ರ ಇದ್ದಲ್ಲೇ ಇದೆ. ಅಲ್ಲಿ ಮಂಗಳವಾರ ಅಡ್ಡೆ ಎತ್ತುತ್ತಾರೆ. ಅಡ್ಡೆ ಎಂದರೆ ಎರಡು ಉದ್ದನೆಯ ಬಿದಿರಿನ ಗಳು, ಅವುಗಳ ನಡುವೆ ಒಂದು ಪೀಠ, ಅದರ ಮೇಲೆ ಸೀರೆ ಉಡಿಸಿ ಹೂವು ಮುಡಿಸಿದ ಅಮ್ಮನ ಮುಖ. ಮುಂದೊಬ್ಬ, ಹಿಂದೊಬ್ಬ, ಗಳುಗಳ ನಡುವೆ ತಲೆ ತೂರಿಸಿ ಎರಡೂ ಹೆಗಲ ಮೇಲೆ ಹೊರುತ್ತಾರೆ. ಅಪ್ಪಣೆ ಕೇಳುವವರು ಎದುರಿಗೆ ನಿಲ್ಲಬೇಕು. ಪ್ರಶ್ನೆಯನ್ನು ಬಾಯಿ ಬಿಟ್ಟು ಕೇಳುವ ಹಾಗಿಲ್ಲ, ಮನಸ್ಸಿನಲ್ಲೇ ಕೇಳಿಕೊಳ್ಳಬೇಕು. ಕೇಳಿದ್ದೇನು ಎಂದು ಯಾರೂ ವಿಚಾರಿಸುವುದೂ ಇಲ್ಲ, ಅದು ಅವರಿಗೂ ಅಮ್ಮನಿಗೂ ಬಿಟ್ಟದ್ದು. ಅಡ್ಡೆ ಅವರ ಕಡೆಗೆ ಮುಂದೆ ಬಂದರೆ ಆಗಲಿ ಎಂದರ್ಥ, ಹಿಂದಕ್ಕೆ ಹೋದರೆ ಬೇಡ ಎಂದರ್ಥ. ನಮ್ಮ ವಂಶದಲ್ಲಿ ಮದುವೆ, ಮನೆ, ಜಮೀನು, ಎಲ್ಲಕ್ಕೂ ಹೀಗೇ ಕೇಳಿದ್ದಾರೆ.

ಆ ಮಂಗಳವಾರ ಬೆಳಿಗ್ಗೆ ಅಕ್ಕನನ್ನು ಕರೆದುಕೊಂಡು ಹೋಗಲು ನಾವಿಬ್ಬರೂ ಅಟ್ಟೂರಿಗೆ ಹೋದೆವು. ಮನೆ ಒಪ್ಪವಾಗಿತ್ತು. ಫ್ರಿಜ್ ಖಾಲಿ ಮಾಡಿ, ಒರೆಸಿ, ಬಾಗಿಲು ತೆಗೆದಿಟ್ಟಿದ್ದಳು. ಬಾಲ್ಕನಿಯ ಹೂಕುಂಡಗಳು ಇರಲಿಲ್ಲ, ಪಕ್ಕದ ಮನೆಯವರಿಗೆ ಕೊಟ್ಟೆ ಎಂದಳು. ಹೊರಡುವಾಗ ತನ್ನ ಬೆಳ್ಳಿಯ ಕುಂಕುಮದ ಭರಣಿ ತಂದು ನನ್ನ ಹೆಂಡತಿಯ ಕೈಗಿಟ್ಟು, "ನೀನೇ ಇಟ್ಕೊಳೆ, ನಂಗ್ಯಾಕೆ ಇನ್ನ," ಎಂದಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡು ಖುಷಿಪಟ್ಟೆವು. ಅಕ್ಕ ಬರಲು ಮನಸ್ಸು ಮಾಡಿಯೇ ಬಿಟ್ಟಿದ್ದಾಳೆ, ಅಮ್ಮನ ಅಪ್ಪಣೆ ಒಂದು ಶಾಸ್ತ್ರಕ್ಕೆ ಅಷ್ಟೇ, ಎಂದು ನನ್ನ ಹೆಂಡತಿ ಕಿವಿಯಲ್ಲಿ ಹೇಳಿದಳು.

ಗುಡಿಗೆ ಹೋದರೆ, ಯಾವಾಗಲೂ ಮುಂದೆ ಹೊರುವವನು ಕತ್ತು ಹಿಡಿದುಕೊಂಡು ಅಲ್ಲಾಡಿಸಲಾಗದೆ ಕೂತಿದ್ದ. ಹಿಂದೆ ಹೊರುವವನು ನಮ್ಮ ಚಿಕ್ಕಪ್ಪನ ಮಗ ಲೋಕೇಶ. ಮನೆ ಕಟ್ಟಿಸುವ ಕಾಂಟ್ರಾಕ್ಟರ್, ಆನೆಮರಿಯಂಥ ಆಳು, ಅಮ್ಮನೆಂದರೆ ಪ್ರಾಣ. ನನ್ನನ್ನು ಕಂಡದ್ದೇ ಅವನಿಗೆ ಹಬ್ಬವಾಯಿತು. "ಹೊರೋರು ತಳ್ತಾರೆ ಅಂತಿದ್ಯಲ್ಲ ಮಗಾ? ಬಾ, ಇವತ್ ನೀನೇ ತಳ್ಳು, ನೋಡೇಬಿಡಣ," ಎಂದ. ಅಮ್ಮನ ಒಕ್ಕಲು ಮನೆಯವರು ಯಾರಾದರೂ ಹೊರಬಹುದು. ಪೂಜಾರಿ ಮುನಿಯಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಒರು, ಬ್ಯಾಡ ಅನ್ನಲ್ಲ. ಆದ್ರೆ ಅಮ್ಮನ್ನ ಒರುವಾಗ ಮನಸ್ನಾಗೆ ಏನೂ ಇಕ್ಕಂಬಾರ್ದು ಕಣಪ್ಪಾ. ಇಂಗಾಗ್ಲಿ ಅಂಗಾಗ್ಲಿ ಅನ್ಕಂಬಾರ್ದು," ಎಂದ. ನಾನು ಹೂಂ ಎಂದೆ.

ಹೂಂ ಎನ್ನುವಾಗಲೇ ನನ್ನ ಮನಸ್ಸಿನಲ್ಲಿ ಎಲ್ಲ ತೀರ್ಮಾನವಾಗಿತ್ತು. ಅಕ್ಕ ಕೇಳುವುದೇನು ಎಂದು ನನಗೆ ಗೊತ್ತಿದೆ, ಉತ್ತರ ಏನಾಗಬೇಕು ಎಂಬುದೂ ಗೊತ್ತಿದೆ, ಗಳು ನನ್ನ ಕೈಯಲ್ಲಿದೆ. ಇನ್ನೇನು ಬೇಕು? ಮುಂದಕ್ಕೆ ಎಳೆದುಕೊಂಡು ಹೋಗಿ ಅಕ್ಕನ ಮುಂದೆ ನಿಲ್ಲಿಸುವುದು, ಸಂಜೆಗೆ ಅವಳ ಸಾಮಾನು ಗಾಡಿಗೆ ಹಾಕುವುದು. ತೊಟ್ಟಿಯ ತಣ್ಣೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲಿ ಬಂದು ಹೆಗಲು ಕೊಟ್ಟೆ. ನನಗೆ ಅಳುಕೇನೂ ಇರಲಿಲ್ಲ, ನಿಜ ಹೇಳಬೇಕೆಂದರೆ ಒಳಗೊಳಗೇ ನಗು ಬರುತ್ತಿತ್ತು.

ತಮಟೆ ಬಡಿಯುತ್ತಿದ್ದಷ್ಟು ಹೊತ್ತು ಅಡ್ಡೆ ಅಂಗಳದಲ್ಲಿ ಓಲಾಡಿತು. ಹೊತ್ತವರ ಕಾಲು ತಾನಾಗಿ ತಾಳಕ್ಕೆ ಬೀಳುತ್ತದೆ, ಅದರಲ್ಲಿ ವಿಚಿತ್ರವೇನಿಲ್ಲ. ಆಗ ನನ್ನ ತಲೆಯಲ್ಲಿ ಏನೂ ಇರಲಿಲ್ಲ, ಖಾಲಿ ರಸ್ತೆಯಲ್ಲಿ ಓಡಿಸುವವರ ಹಾಗೆ. ತಮಟೆ ನಿಂತಿತು. ಅಕ್ಕ ಎದುರಿಗೆ ಬಂದು, ಸೆರಗು ಹೊದ್ದು, ಕಣ್ಣು ಮುಚ್ಚಿ ಕೈ ಮುಗಿದಳು. ನನಗೂ ಅವಳಿಗೂ ನಡುವೆ ಒಂದು ಕಾರು ನಿಲ್ಲುವಷ್ಟು ಜಾಗ. "ಕೇಳ್ಕಳವ್ವಾ," ಎಂದ ಮುನಿಯಪ್ಪ.

ನಾನು ಗಳುಗಳನ್ನು ಬಿಗಿಯಾಗಿ ಹಿಡಿದು ಮುಂದಕ್ಕೆ ಹೆಜ್ಜೆ ಇಟ್ಟೆ. ಅಡ್ಡೆ ಸುಲಭವಾಗಿ ಬಂತು. ನೋಡಿದಿರಾ, ಇಷ್ಟೇ ಇದರ ಹಣೆಬರಹ, ಅಂದುಕೊಂಡೆ. ಹೆಜ್ಜೆಯ ಸದ್ದಿಗೆ ಅಕ್ಕ ಕಣ್ಣು ತೆರೆದಳು. ಅಡ್ಡೆ ತನ್ನ ಕಡೆಗೆ ಬರುತ್ತಿರುವುದನ್ನು ನೋಡಿ ಅವಳ ಮುಖ ಅರಳಿತು. ಭಾವ ಹೋದ ಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ನಗು ಕಂಡು ನನಗೆ ಎಷ್ಟು ಸಂತೋಷವಾಯಿತು ಎಂದರೆ, ಇನ್ನೊಂದು ಹೆಜ್ಜೆಯನ್ನು ಓಡುವ ಹಾಗೆ ಇಡಲು ಹೋದೆ.

ಆಗ ಅದು ಹಿಂದಕ್ಕೆ ಜಗ್ಗಿತು. ಮೊದಲು ಸ್ವಲ್ಪವೇ, ಎಮ್ಮೆ ಹಗ್ಗ ಎಳೆದ ಹಾಗೆ. ಲೋಕೇಶ ಆಟ ಆಡುತ್ತಿದ್ದಾನೆ ಎಂದು ಸಿಟ್ಟು ಬಂತು. ಪಾದ ಊರಿ ಎಳೆದೆ. ಅದು ಇನ್ನೂ ಜಾಸ್ತಿ ಎಳೆಯಿತು. ಹೀಗೆ ನಾನು ಹಟ ಹಿಡಿದು ತಡೆದಷ್ಟೂ ನನ್ನ ತಲೆಯಲ್ಲಿ ಯೋಚನೆಗಳು ಸರಸರ ಬರತೊಡಗಿದವು. ಇವನಿಗೇನು ಬಂತು ರೋಗ, ಅಕ್ಕ ಬಂದರೆ ಇವನ ಗಂಟೇನು ಹೋಗುತ್ತದೆ, ಕೆಳಗಿನ ಅಡುಗೆಮನೆಗೆ ಹೊಗೆ ಹೋಗಲು ಫ್ಯಾನ್ ಹಾಕಿಸಬೇಕು, ಭಾವ ಕುಸಿದ ಮೇಲೂ ಲೇತ್ ಮಷಿನ್ ಓಡುತ್ತಲೇ ಇತ್ತಂತೆ, ಯಾರೂ ಅದನ್ನು ನಿಲ್ಲಿಸಲಿಲ್ಲವಂತೆ. ಒಂದೊಂದೂ ಗಾಜಿನಷ್ಟು ಸ್ವಚ್ಛ. ಅಷ್ಟರ ನಡುವೆಯೂ, ಅಯ್ಯೋ ನೋಡು, ನನ್ನ ಸಿದ್ಧಾಂತ ನಿಜ, ತಡೆದಾಗಲೇ ಯೋಚನೆ ಬರುತ್ತದೆ, ಭಾವ ಇದ್ದಿದ್ದರೆ ಹೇಳಬಹುದಿತ್ತು, ಎಂದೂ ಅನ್ನಿಸಿತು. ನನ್ನ ಕೊನೆಯ ಯೋಚನೆ ಅದೇ.

ಆಮೇಲಿನದು ನನ್ನಲ್ಲಿ ಇಲ್ಲ. ಕಣ್ಣು ಕತ್ತಲೆ ಬಂತು, ತಲೆ ತಿರುಗಿತು, ಅಂಥದ್ದೇನೂ ಆಗಲಿಲ್ಲ. ಕರೆಂಟು ಹೋಗಿ ಬಂದಾಗ ಗೋಡೆ ಗಡಿಯಾರ ಮಾತ್ರ ಮುಂದಕ್ಕೆ ಹೋಗಿರುತ್ತದಲ್ಲ, ಹಾಗೆ ನಡುವೆ ಒಂದು ತುಂಡು ಕಾಣೆ. ಮತ್ತೆ ಗೊತ್ತಾದಾಗ ನಾನು ಅಂಗಳದ ಇನ್ನೊಂದು ತುದಿಯಲ್ಲಿದ್ದೆ. ಲೋಕೇಶನ ಬೆನ್ನು ಕಾಂಪೌಂಡ್ ಗೋಡೆಗೆ ಹತ್ತಿತ್ತು. ಅಡ್ಡೆ ಇನ್ನು ಹಿಂದಕ್ಕೆ ಹೋಗಲು ಜಾಗವಿರಲಿಲ್ಲ. ಅಕ್ಕ ಬಹಳ ದೂರದಲ್ಲಿ, ನಿಂತಲ್ಲೇ ನಿಂತಿದ್ದಳು. ಅವಳ ಮುಖದ ಮೇಲೆ ಆ ನಗು ಇರಲಿಲ್ಲ. ನನ್ನ ಗಂಟಲು ಕಿತ್ತುಹೋದ ಹಾಗೆ ಉರಿಯುತ್ತಿತ್ತು.

ಮುನಿಯಪ್ಪ ಬಂದು ಗಳು ಬಿಡಿಸಿದಾಗ ನೋಡುತ್ತೇನೆ, ನನ್ನ ಎರಡು ಅಂಗೈಗಳ ಚರ್ಮವೂ ಕಿತ್ತು ಬಂದಿತ್ತು. ಗಳು ನನ್ನ ಮುಷ್ಟಿಯಿಂದ ಹಿಂದಕ್ಕೆ ಜಾರಿದ ಗುರುತು ಅದು. ಅಂದರೆ ನಾನು ಮುಂದಕ್ಕೆ ಎಳೆಯುತ್ತಿದ್ದದ್ದು ಸುಳ್ಳಲ್ಲ. ಲೋಕೇಶನ ಮೇಲೆ ಹರಿಹಾಯ್ದೆ. "ಯಾಕೋ ಹಿಂದಕ್ಕೆ ಎಳ್ದೆ?" ಅವನ ಮುಖ ಬಿಳಿಚಿಕೊಂಡಿತ್ತು. "ಲೇ, ನಾನ್ ಎಳ್ದ್ನಾ? ನೀನ್ ತಳ್ತಾ ಬಂದೆ, ನಾನ್ ಬಿದ್ದೋಗ್ಬಾರ್ದು ಅಂತ ಹಿಂದಿಂದಕ್ಕೆ ಹೆಜ್ಜೆ ಇಟ್ಟೆ ಗುರು. ಬೇಡ ಬೇಡ ಅಂತ ಹೆಂಗ್ ಅರಚ್ತಿದ್ದೆ ನೀನು!" ಎಂದ. ಅಂಗೈ ತೋರಿಸು ಎಂದೆ. ತೋರಿಸಿದ. ಕುಂಕುಮ ಮೆತ್ತಿತ್ತು, ಒಂದು ಗೀರೂ ಇರಲಿಲ್ಲ. "ರತ್ನಕ್ಕ ನಿಮ್ಮನೆಗೆ ಬರ್ಲಿ ಅಂತ ನಾನೂ ಅಮ್ಮನ್ನ ಬೇಡ್ಕೊಂಡೇ ಹೊತ್ತಿದ್ದು ಕಣೋ," ಎಂದು ಹೇಳುವಾಗ ಅವನ ಕಣ್ಣಲ್ಲಿ ನೀರು ಬಂತು.

ನಾನು ಬೇಡ ಎಂದು ಅರಚಿದ್ದೇನೆ! ಬೇಕು ಎಂದು ಜೀವ ಬಿಟ್ಟು ಎಳೆಯುತ್ತಿದ್ದವನು, ಬಾಯಲ್ಲಿ ಬೇಡ ಎನ್ನುತ್ತಿದ್ದೆನಂತೆ. ನಂಬಲಿಲ್ಲ. ಹೆಂಡತಿಯನ್ನು ಕೇಳಿದೆ. ಅವಳು ನನ್ನ ಮುಖ ನೋಡದೆ, "ಮನೆಗ್ ಹೋಗಣ ರೀ," ಎಂದಳು.

ಕಾರು ನಾನೇ ತೆಗೆದೆ. ಕೈ ಉರಿಯುತ್ತಿದ್ದರಿಂದ ಸ್ಟೇರಿಂಗಿಗೆ ಟವೆಲ್ ಸುತ್ತಿಕೊಂಡು ಓಡಿಸಿದೆ. ಹಿಂದಿನ ಸೀಟಿನಲ್ಲಿ ಅಕ್ಕ ಕಿಟಕಿಯ ಕಡೆಗೆ ತಿರುಗಿ ಅಳುತ್ತಿದ್ದಳು, ಸದ್ದು ಮಾಡಿ, ಮಗುವಿನ ಹಾಗೆ. ಎಲ್ಲ ನನ್ನಿಂದಲೇ ಹಾಳಾಯಿತಲ್ಲ ಅಂದುಕೊಂಡೆ. ಅಮ್ಮನ ಮೇಲೂ ಕೆಟ್ಟ ಕೋಪ ಬಂತು. ಗಂಡ ಸತ್ತ ಹೆಣ್ಣುಮಗಳು ತಮ್ಮನ ಮನೆಗೆ ಬಂದು ನಾಲ್ಕು ದಿನ ನೆಮ್ಮದಿಯಾಗಿ ಇರುವುದು ಬೇಡವೇ, ಇದೆಂಥ ದೇವರು, ಎಂದು ಮನೆಗೆ ಬಂದ ಮೇಲೆ ಬಾಯಿಗೆ ಬಂದದ್ದೆಲ್ಲ ಅಂದೆ. ನನ್ನ ಹೆಂಡತಿ ತಡೆಯಲಿಲ್ಲ.

ಈಗ ಮುಖ್ಯವಾದದ್ದು ಕೇಳಿ. ಅದಾಗಿ ಎಷ್ಟೋ ದಿನದ ಮೇಲೆ ಅಕ್ಕನೇ ಫೋನ್ ಮಾಡಿ, "ಕೆಳಗಿನ್ ಪೋರ್ಶನ್ ಖಾಲಿ ಐತೇನೋ? ಬರ್ತೀನಿ," ಎಂದಳು. ಬಂದಳು ಕೂಡ. ನಮಗೆ ಆನಂದವೇ ಆನಂದ, ಆದರೆ ನನ್ನ ತಲೆಯಲ್ಲೊಂದು ಹುಳ ಬಿಟ್ಟ ಹಾಗಾಯಿತು. ನಮ್ಮ ಅಕ್ಕ ಅಮ್ಮನ ಮಾತು ಮೀರಿದವಳೇ ಅಲ್ಲ. ಅಮ್ಮ ಹಿಂದಕ್ಕೆ ಹೋದಳೆಂದು ಹಿಂದೊಮ್ಮೆ ಒಳ್ಳೆಯ ಸೈಟೊಂದನ್ನೇ ಕೈಬಿಟ್ಟವಳು, ಭಾವ ಎಷ್ಟು ಹೇಳಿದರೂ ಕೇಳಿರಲಿಲ್ಲ. ಅಂಥವಳು ಗೋಡೆಯ ತನಕ ಹಿಂದೆ ಹೋದ ಅಡ್ಡೆಯನ್ನು ಕಣ್ಣಾರೆ ಕಂಡೂ ಹೇಗೆ ಬಂದಳು? ಕೇಳಬೇಕೆನ್ನಿಸಿದಾಗಲೆಲ್ಲ ಹೆಂಡತಿ ಗದರಿದಳು. "ಬಂದವ್ರೆ, ಚೆನ್ನಾಗವ್ರೆ. ಬಾಯ್ ಮುಚ್ಕೊಂಡು ಇರ್ತೀರಾ?" ಎಂದಳು.

ಮರುವರ್ಷ ಅಕ್ಕನಿಗೆ ಕಾರು ಕಲಿಯುವ ಹುಚ್ಚು ಹಿಡಿಯಿತು. ಭಾವನ ಹಳೇ ಕಾರು ಓಡಿಸುವವರಿಲ್ಲದೆ ನಿಂತೇ ಇತ್ತು, ಅದಕ್ಕೆ. ನನ್ನ ಸ್ಕೂಲಿನ ಕಾರಿನಲ್ಲೇ ಕೂರಿಸಿಕೊಂಡು ಬೆಳಿಗ್ಗೆ ಅಟ್ಟೂರಿನ ಲೇಔಟ್ ಕಡೆಗೆ ಹೋಗುತ್ತಿದ್ದೆವು. ಅಲ್ಲಿ ಮನೆಗಳು ಕಮ್ಮಿ, ರಸ್ತೆ ಅಗಲ. ಅಕ್ಕ ಚೆನ್ನಾಗಿಯೇ ಓಡಿಸುತ್ತಿದ್ದಳು, ಗೇರ್ ಹಾಕುವಾಗ ಮಾತ್ರ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ನಾನು ತಮಾಷೆ ಮಾಡುತ್ತಿದ್ದೆ. ಒಂದು ದಿನ ಅವಳ ಖುಷಿ ನೋಡಿ ತಡೆಯಲಾರದೆ ಕೇಳಿಯೇಬಿಟ್ಟೆ. "ಅಲ್ಲಕ್ಕ, ಅವತ್ತು ಅಮ್ಮ ಬೇಡ ಅಂದ್ಲಲ್ಲ. ಆದ್ರೂ ನಮ್ಮನೆಗ್ ಬಂದ್ಯಲ್ಲ, ಹೆಂಗೆ?"

ಅಕ್ಕ ರಸ್ತೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. "ನಾನ್ ಮನೆ ವಿಷ್ಯ ಕೇಳ್ಲೇ ಇಲ್ವಲ್ಲೋ," ಎಂದಳು.

"ಮತ್ತೇನ್ ಕೇಳ್ದೆ?"

"ಅವರ ಹಿಂದೇನೇ ನಾನೂ ಹೊರಟ್ಬಿಡ್ಲಾ ಅಂತ ಕೇಳ್ದೆ." ಸಂತೆಯಲ್ಲಿ ಹುರುಳಿಕಾಯಿ ಹೇಗೆ ಎಂದು ಕೇಳಿದ ಹಾಗೆ ಹೇಳಿದಳು. "ಎಲ್ಲಾ ತಯಾರಿ ಮಾಡ್ಕೊಂಡಿದ್ದೆ ಕಣೋ. ಅಮ್ಮ ಮುಂದೆ ಬಂದಿದ್ರೆ ಅವತ್ತೇ."

ನನ್ನ ಕಾಲು ಬ್ರೇಕ್ ಒತ್ತಿತ್ತು. ಕಾರು ಗಕ್ಕನೆ ನಿಂತು ಆಫ್ ಆಯಿತು. ಹಿಂದೆ ಬರುತ್ತಿದ್ದ ಹಾಲಿನ ಆಟೋದವನು ಹಾರ್ನ್ ಬಡಿದು, ಬೈದು, ಪಕ್ಕದಿಂದ ಹೋದ. ಖಾಲಿ ಫ್ರಿಜ್, ಇಲ್ಲದ ಹೂಕುಂಡಗಳು, ಹೆಂಡತಿಯ ಕೈಗಿಟ್ಟ ಕುಂಕುಮದ ಭರಣಿ, ಒಂದೊಂದೇ ಬಂದು ಎದೆಗೆ ಒದ್ದ ಹಾಗಾಯಿತು. ಎಲ್ಲಕ್ಕಿಂತ ಹೆಚ್ಚಾಗಿ ಆ ನಗು. ನಾನು ಮುಂದಕ್ಕೆ ಒಂದು ಹೆಜ್ಜೆ ಇಟ್ಟಾಗ ಅವಳ ಮುಖದಲ್ಲಿ ಅರಳಿದ ನಗು. ಅಯ್ಯೋ ದೇವರೇ, ಅವಳು ಅದಕ್ಕೆ ನಕ್ಕಿದ್ದಳು! ಆ ನಗು ನೋಡಿ ಇನ್ನೂ ಜೋರಾಗಿ ಎಳೆದವನು ನಾನು! ಬಾಗಿಲು ತೆಗೆದು ಕೆಳಗಿಳಿದೆ. ರಸ್ತೆಯ ಪಕ್ಕದಲ್ಲಿ ಕೂತು, ಬೆಳಿಗ್ಗೆ ಕುಡಿದ ಕಾಫಿಯನ್ನೆಲ್ಲ ಕಕ್ಕಿದೆ.

ಅಕ್ಕ ನೀರಿನ ಬಾಟಲಿ ತಂದು ಕೊಟ್ಟು ಬೆನ್ನು ಸವರಿದಳು. "ಈಗಿಲ್ಲ ಬಿಡು ಆ ಯೋಚ್ನೆ. ಅವತ್ತೇ ಹೋಯ್ತು. ಕಾರಲ್ಲಿ ನಾನ್ ಅಳ್ತಿದ್ನಲ್ಲ, ಆವಾಗ್ಲೇ ಹೋಗ್ಬಿಡ್ತು," ಎಂದಳು. ನಾನು ಬಾಯಿ ಮುಕ್ಕಳಿಸಿದ ಮೇಲೆ, "ನೀನೇ ಕಣೋ ನನ್ನ ತಡ್ದಿದ್ದು. ಅಮ್ಮ ಅಂತ ಎಲ್ರೂ ಅಂದ್ಕೊಂಡ್ರು. ನಂಗೊತ್ತಿತ್ತು. ನನ್ ಮದ್ವೆ ದಿನ, ನಾನ್ ಕಾರ್ ಹತ್ತೋವಾಗ, ಸೆರಗು ಹಿಡ್ಕೊಂಡು ಬೇಡ ಬೇಡ ಅಂತ ಅರಚಿದ್ಯಲ್ಲ, ಎಷ್ಟ್ ಚಿಕ್ಕೋನಿದ್ದೆ ನೀನು, ಅದೇ ದನಿ ಅದು. ನನ್ನ್ ಮನಸ್ನಲ್ಲಿರೋದು ನಿಂಗ್ ಹೆಂಗ್ ಗೊತ್ತಾಯ್ತೋ?" ಎಂದಳು.

ನನಗೆ ಏನೂ ಗೊತ್ತಿರಲಿಲ್ಲ. ಅವಳ ಮದುವೆಯ ದಿನ ಅತ್ತದ್ದೂ ನನಗೆ ನೆನಪಿಲ್ಲ.

ಇದಕ್ಕೆ ನೀವು ಹೇಳಬಹುದಾದದ್ದನ್ನೆಲ್ಲ ನಾನೇ ನನಗೆ ಹೇಳಿಕೊಂಡಿದ್ದೇನೆ. ಫ್ರಿಜ್ಜನ್ನೂ ಹೂಕುಂಡವನ್ನೂ ನನ್ನ ಕಣ್ಣು ನೋಡಿತ್ತು, ನಾನು ನೋಡಿರಲಿಲ್ಲ. ಪಕ್ಕದ ಸೀಟಿನ ಕಾಲಿನ ಹಾಗೆ, ನನ್ನೊಳಗಿನ ಯಾವುದೋ ಒಂದು ನನಗಿಂತ ಮೊದಲೇ ಅರ್ಥ ಮಾಡಿಕೊಂಡು ಬ್ರೇಕ್ ಒತ್ತಿತು. ಸರಿ, ಒಪ್ಪಿದೆ. ಹಾಗಾದರೆ ಅಂಗೈ ಚರ್ಮ ಯಾಕೆ ಕಿತ್ತು ಬಂತು? ಹಿಂದಕ್ಕೆ ತಳ್ಳಿದವನು ನಾನೇ ಆಗಿದ್ದರೆ, ನನ್ನ ಕೈಯೊಳಗೆ ಹಿಂದಕ್ಕೆ ಜಾರಿದ್ದು ಯಾರು ಎಳೆದ ಗಳು? ಲೋಕೇಶ ಗೊತ್ತಿಲ್ಲದೆ ಎಳೆದಿದ್ದಾನೆ ಎನ್ನೋಣ. ಅವನು ಫ್ರಿಜ್ ನೋಡಿರಲಿಲ್ಲ, ಹೂಕುಂಡ ನೋಡಿರಲಿಲ್ಲ, ಅಕ್ಕ ಬರಲಿ ಎಂದೇ ಹೊತ್ತಿದ್ದ. ಅಮ್ಮನೇ ಎಳೆದಳು ಎನ್ನೋಣ ಎಂದರೆ, ಅದನ್ನು ನಂಬುವ ಕಡೆಗೆ ನನ್ನ ತಲೆ ಇವತ್ತಿಗೂ ತಿರುಗುವುದಿಲ್ಲ. ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಜಾರುತ್ತದೆ.

ನನ್ನ ಸಿದ್ಧಾಂತವನ್ನು ಈಗ ಯಾರಿಗೂ ಹೇಳುವುದಿಲ್ಲ. ತಡೆದಾಗ ಯೋಚನೆ ಹುಟ್ಟುತ್ತದೆ ಎಂಬುದು ಆ ಅಂಗಳದಲ್ಲಿ ನಿಜವೇ ಆಯಿತು. ನನ್ನ ಆಯಸ್ಸಿನಲ್ಲೇ ಅಷ್ಟು ಸ್ಪಷ್ಟವಾಗಿ ನಾನು ಯೋಚಿಸಿದ್ದಿಲ್ಲ. ಅಷ್ಟು ಸ್ಪಷ್ಟವಾಗಿ ಯೋಚಿಸುತ್ತಾ, ನನ್ನ ಒಡಹುಟ್ಟಿದವಳನ್ನು ಸಾವಿನ ಕಡೆಗೆ ಎಳೆಯುತ್ತಿದ್ದೆ. ಯೋಚನೆ ಪೂರ್ತಿ ನಿಂತು, ನಾನು ಇಲ್ಲವೇ ಇಲ್ಲ ಎಂದಾದಾಗ ಯಾವುದೋ ಒಂದು ಅವಳನ್ನು ತಡೆಯಿತು. ಒತ್ತಿದ್ದು ಯಾರು ಎಂದು ಭಾವ ಕಾಫಿ ಲೋಟ ಎತ್ತಿಕೊಳ್ಳುತ್ತಾ ಕೇಳಿದ ಪ್ರಶ್ನೆ ಅಲ್ಲೇ ಇದೆ.

ಅಕ್ಕನಿಗೆ ಲೈಸೆನ್ಸ್ ಬಂತು. ಮಂಗಳವಾರ ತಾನೇ ಕಾರು ಓಡಿಸಿಕೊಂಡು ಮಾಕಳಿಗೆ ಹೋಗಿ ಬರುತ್ತಾಳೆ. ಬಂದವಳು ನನ್ನ ಕೈಗೆ ತೆಂಗಿನಕಾಯಿ ಹೋಳು ಇಟ್ಟು, ಮನೆಗೆ ಯಾರೇ ಬಂದಿರಲಿ, "ನನ್ ತಮ್ಮ ಇಲ್ದಿದ್ರೆ ನಾನ್ ಇರ್ತಿರ್ಲಿಲ್ಲ," ಎನ್ನುತ್ತಾಳೆ. ಪ್ರತಿ ಸಲವೂ ನಿಜ ನನ್ನ ಗಂಟಲಿನ ತನಕ ಬರುತ್ತದೆ. ಅಕ್ಕ, ನಾನು ಮುಂದಕ್ಕೆ ಎಳೆಯುತ್ತಿದ್ದೆ, ಮೈಯಲ್ಲಿದ್ದ ಶಕ್ತಿಯೆಲ್ಲ ಹಾಕಿ ನಿನ್ನ ಕಡೆಗೆ ಎಳೆಯುತ್ತಿದ್ದೆ. ತಡೆದುಕೊಳ್ಳುತ್ತೇನೆ. ಹಾಗೆ ತಡೆದುಕೊಂಡಾಗಲೆಲ್ಲ ಯೋಚನೆ ಶುರುವಾಗುತ್ತದೆ, ರಾತ್ರಿ ಬಹಳ ಹೊತ್ತಾದರೂ ನಿಲ್ಲುವುದಿಲ್ಲ. ಅವಳಿಗೆ ಇನ್ನೂ ಹೇಳಿಲ್ಲ.